‘ಗೋ’ಗೆ ಆಪೋಸಿಟ್

“ಓಪನ್?”

“ಶಟ್.”

“ಹೆವಿ?”

“ಲೈಟ್.”

ಪ್ರಶ್ನೆಯೂ ಗಿಣಿಯದೇ, ಉತ್ತರವೂ ಗಿಣಿಯದೇ. ಬಾಯಿಪಾಠ ಜೋರು, ಅದಕ್ಕೇ ಮನೆಯವರೆಲ್ಲ ಅವಳನ್ನು ಹಾಗೆ ಕರೆಯುವುದು. ನಾಳೆ ಟೆಸ್ಟ್, ಇಪ್ಪತ್ತು ಆಪೋಸಿಟ್ ವರ್ಡ್ಸ್. ಬೇರೆ ದಿನವಾಗಿದ್ದರೆ ಅಪ್ಪನೇ ಕೇಳುತ್ತಿದ್ದ.

ಇವತ್ತು ಅಪ್ಪ ಬ್ಯಾಗ್ ತುಂಬುತ್ತಿದ್ದ. ಅಮ್ಮ ತಲೆ ಎತ್ತದೆ ಹೊಲಿಗೆ ಮಷಿನ್ ತುಳಿಯುತ್ತಿದ್ದಳು. ವಾರದಿಂದ ಇಬ್ಬರ ನಡುವೆ ಮಾತಿಲ್ಲ. ಅದಕ್ಕೂ ಮೊದಲು ಬರೀ ಜಗಳ.

ಅಪ್ಪ ಬಸ್ ಡ್ರೈವರ್. ಬ್ಯಾಗ್ ತುಂಬುವುದೇನೂ ಹೊಸದಲ್ಲ. ಆದರೆ ಮೊಳೆಗೆ ನೇತುಹಾಕಿದ ಶೇವಿಂಗ್ ಕನ್ನಡಿಯನ್ನು ಯಾವತ್ತೂ ತೆಗೆದುಕೊಂಡು ಹೋಗಿರಲಿಲ್ಲ. ಗಿಣಿಗೆ ಹೆದರಿಕೆಯಾಯಿತು.

“ಅಪ್ಪಾ, ‘ಗೋ’ಗೆ ಆಪೋಸಿಟ್ ಏನು?” ಗೊತ್ತಿದ್ದೂ ಕೇಳಿದಳು.

“ಕಮ್,” ಎಂದ ಅಪ್ಪ, ಜಿಪ್ ಎಳೆಯುತ್ತ.

“ನಾವು ಎರಡನ್ನೂ ಸೇರಿಸೇ ಹೇಳ್ತೀವಲ್ಲಾ? ಹೋಗಿಬರ್ತೀನಿ ಅಂತ!”

ಅಪ್ಪ ಬ್ಯಾಗ್ ಹೆಗಲಿಗೇರಿಸಿದ.

ಈ ವಿಷಯದಲ್ಲಿ ಅಜ್ಜಿ ಬಹಳ ಕಟ್ಟುನಿಟ್ಟು. ಯಾರಾದರೂ ಬಾಯಿತಪ್ಪಿ “ಹೋಗ್ತೀನಿ” ಅಂದರೆ ಮುಗಿಯಿತು. “ಬಿಡ್ತು ಅನ್ನು! ಹೋಗಿಬರ್ತೀನಿ ಅನ್ನು” ಎಂದು ಗದರುತ್ತಿದ್ದಳು. ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಟ್ಟಿರಲಿಲ್ಲ. ಪಾಪ, ಖಾಲಿ ಸಿಲಿಂಡರ್ ಹೆಗಲ ಮೇಲಿಟ್ಟುಕೊಂಡೇ ಎರಡು ಸಲ ಹೇಳಿದ್ದ.

ಅಪ್ಪ ಚಪ್ಪಲಿ ಮೆಟ್ಟಿದ. ಬೂಟುಗಳನ್ನೂ ಕವರಿಗೆ ಹಾಕಿಕೊಂಡ. ಗಿಣಿಯ ತಲೆ ಸವರಿ, ಅಜ್ಜಿಯ ಕಡೆ ತಿರುಗಿದ.

“ಅಮ್ಮಾ, ನಾನು ಹೋಗ್ತೀನಿ.”

ಗಿಣಿ ಅಜ್ಜಿಯ ಮುಖವನ್ನೇ ನೋಡಿದಳು. ಈಗ ಗದರುತ್ತಾಳೆ. ಗದರಲಿ, ದೇವರೇ, ಗದರಲಿ.

ಅಜ್ಜಿ ಮಗನನ್ನು ನೋಡಿ, “ಹೂಂ” ಅಂದಳು. ಅಷ್ಟೇ.

ಮಷಿನ್ ನಿಂತಿತು. ಹೊರಗೆ ಗೇಟಿನ ಸದ್ದಾಯಿತು. ಅಮ್ಮ ಮತ್ತೆ ತುಳಿಯತೊಡಗಿದಳು. ಸೂಜಿಯಲ್ಲಿ ದಾರ ಇಲ್ಲದ್ದನ್ನು ಗಿಣಿ ನೋಡಿದಳು.

ಮರುದಿನ ಬೆಳಿಗ್ಗೆ ಗಿಣಿ ಸ್ಕೂಲ್ ಬ್ಯಾಗಿನ ಜಿಪ್ ಎಳೆದಾಗ ಅಮ್ಮ ಬೆಚ್ಚಿ ತಲೆಯೆತ್ತಿದಳು. ಅಜ್ಜಿಯೂ ಇತ್ತ ತಿರುಗಿದಳು. ಗೋಡೆಯಲ್ಲಿ ಬರೀ ಮೊಳೆ ಇತ್ತು.

ದಿನಾ ಆದರೆ ಗಿಣಿ ಮೆಟ್ಟಿಲಿಳಿಯುತ್ತಲೇ ಅರ್ಧಂಬರ್ಧ ಕೂಗಿ ಓಡುತ್ತಿದ್ದಳು. ಇವತ್ತು ಹೊಸ್ತಿಲ ಒಳಗೇ ನಿಂತಳು. ಅಮ್ಮನ ಮುಖ ನೋಡಿ ಒಂದು ಸಲ, ಅಜ್ಜಿಯ ಮುಖ ನೋಡಿ ಇನ್ನೊಂದು ಸಲ, ಬಿಡಿಸಿ ಬಿಡಿಸಿ ಹೇಳಿದಳು:

“ಹೋಗಿ, ಬರ್ತೀನಿ.”