ನಿಧಾನಕ್ಕೆ ಓದಿದ ಯಂತ್ರ

ಬೆಳಿಗ್ಗೆ ಬೀಗ ತೆಗೆದವನು ನಾನೇ. ಓದುವ ಯಂತ್ರದ ಕ್ಯಾಮೆರಾ ಗಾಜಿನ ತುಂಬ ಗೀರುಗಳು. ಯಾರೋ ಬೀಗದಕೈಯಿಂದ ಉಜ್ಜಿದ ಹಾಗಿತ್ತು. ಅಂಗವಿಕಲ ವಿದ್ಯಾರ್ಥಿಗಳಿಗೂ ನೌಕರರಿಗೂ ಸಾಧನ ಒದಗಿಸುವ ವಿಶ್ವವಿದ್ಯಾಲಯದ ಆ ಕೋಣೆಯಲ್ಲಿ, ಕಾಗದ ಇಟ್ಟರೆ ಓದಿ ಹೇಳುವ ಯಂತ್ರ ಅದೊಂದೇ.

"ಇವತ್ತು ನನ್ನ ಸರದಿ ಅಲ್ವಾ ಸಾರ್?" ಎಂದು ಟೆಲಿಫೋನ್ ಆಪರೇಟರ್ ಬಾಗಿಲಲ್ಲೇ ಕೇಳಿದಳು.

ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಇಷ್ಟು ವರ್ಷ ಅವಳ ಕಾಗದಪತ್ರಗಳನ್ನೆಲ್ಲ ಓದಿ ಹೇಳಿದ್ದು ಅಕ್ಕ. ನಲವತ್ತು ಸಮೀಪಿಸಿದ ಮೇಲೆ ಒಮ್ಮೆಯಾದರೂ ಅವನ್ನು ತಾನೇ ಓದಬೇಕೆಂದು, ಹಳೆಯ ಕಾಗದಗಳ ಕಟ್ಟನ್ನು ಹಿಂದಿನ ದಿನ ನನ್ನ ಬೀರುವಿನಲ್ಲಿ ಇಡಿಸಿದ್ದಳು. ಯಂತ್ರ ಕೆಟ್ಟಿದೆ ಎಂದು ತಿಳಿದಾಗ, "ನನ್ನ ಕಟ್ಟು ಇದೆಯಲ್ಲ?" ಎಂದು ಕೇಳಿದಳು.

ನಮ್ಮಲ್ಲಿ ಏನು ಕೆಟ್ಟರೂ, ಯಾರು ಕೆಡಿಸಿದರೂ ಪತ್ತೆ ಮಾಡುವವರು ರಿಪೇರಿಯಮ್ಮ. ತುರುಬಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಗಾಲಿಕುರ್ಚಿಯಲ್ಲಿ ಬಂದರು. ಯಂತ್ರಕ್ಕೆ ಚುಚ್ಚಿದ್ದ ಇಯರ್‌ಫೋನನ್ನು ಕಿವಿಗಿಟ್ಟು ಗುಂಡಿ ಒತ್ತಿದರು.

"ವೇಗ ಪೂರ್ತಿ ಇಳಿಸಿದ್ದಾರೆ."

ನನಗೂ ಸೋಜಿಗವಾಯಿತು. ಕಣ್ಣು ಕಾಣದವರು ಅದನ್ನು ನಾಗಾಲೋಟದಲ್ಲಿ ಓಡಿಸಿ ಕೇಳುತ್ತಾರೆ. ನನ್ನಂಥವನಿಗೆ ಒಂದಕ್ಷರವೂ ಸಿಗುವುದಿಲ್ಲ.

"ನಿನ್ನೆ ಕೊನೆಗೆ ಇಲ್ಲಿ ಯಾರ್ಯಾರಿದ್ರು?"

"ಆ ಕುರುಡು ಸಂಶೋಧಕ. ಸರದಿ ಸಿಗ್ಲಿಲ್ಲ ಅಂತ ಕೂಗಾಡಿದ್ದ, ಅವನದೇ ಕೆಲಸ. ಕಿವಿ ಕೇಳದ ಅಟೆಂಡರ್. ಆಮೇಲೆ ಆಪರೇಟರಳ ಅಕ್ಕ. ದಿನಾ ಐದಕ್ಕೆ ಬಂದು ಇಲ್ಲೇ ಕಾಯ್ತಾರಲ್ಲ. ಕಾಗದದ ಕಟ್ಟು ಕೊಡಿ, ಮನೇಲೇ ಓದ್ತೀನಿ ಅಂದ್ರು. ಇಟ್ಟವರಿಗೇ ಕೊಡೋದು ನಿಯಮ ಅಂದೆ. ನಾನು ಆಗಾಗ ಆಚೆ ಹೋಗಿದ್ದೆ, ಮೂವರಿಗೂ ಒಬ್ಬೊಬ್ಬರೇ ಇರೋ ಹೊತ್ತು ಸಿಕ್ಕಿತ್ತು."

ರಿಪೇರಿಯಮ್ಮನ ಮುಖ ಬಾಡಿತು. "ಸಂಜೆ ಎಲ್ಲರನ್ನೂ ಕರೆಸು" ಎಂದರು.

ಐದಕ್ಕೆ ಎಲ್ಲರೂ ಸೇರಿದರು. ರಿಪೇರಿಯಮ್ಮ ಅಟೆಂಡರನಿಗೆ ಕೈಸನ್ನೆಯಲ್ಲೂ ಹೇಳುತ್ತ ಮಾತು ಶುರುಮಾಡಿದರು.

"ಹಾಳು ಮಾಡೋ ಮೊದಲು ಯಾರೋ ಇದನ್ನ ಕೇಳಿ ನೋಡಿದ್ದಾರೆ. ಅಟೆಂಡರಿಗೆ ಇಯರ್‌ಫೋನ್ ಯಾಕೆ? ಸಂಶೋಧಕ ಇಷ್ಟು ನಿಧಾನ ಕೇಳಿದ್ರೆ ನಿದ್ದೆ ಹೋಗ್ತಾನೆ. ಕೇಳಿದವರಿಗೆ ಇದು ಹೊಸದು. ಬೇರೆಯವರಿಗೆ ಗೊತ್ತಾಗಬಾರದಿತ್ತು, ಅದಕ್ಕೇ ಇಯರ್‌ಫೋನ್. ಇದು ನಿಜವಾಗ್ಲೂ ಓದುತ್ತಾ ಅನ್ನೋದಷ್ಟೇ ಅವರಿಗೆ ಬೇಕಿತ್ತು. ಓದ್ತು. ಕಾಗದದ ಕಟ್ಟು ಮೊದಲೇ ಕೈಗೆ ಸಿಗ್ಲಿಲ್ಲ. ಅದಕ್ಕೇ ಗಾಜು ಉಜ್ಜಿದ್ರು. ಹೌದಲ್ಲಮ್ಮಾ?"

ಅಕ್ಕ ಸೆರಗನ್ನು ಬಾಯಿಗೊತ್ತಿಕೊಂಡರು.

"ಯಾಕಕ್ಕಾ?" ಎಂದಳು ತಂಗಿ.

"ಹನ್ನೆರಡು ವರ್ಷದ ಹಿಂದೆ ನಿಂಗೆ ದೂರದ ಕಾಲೇಜಲ್ಲಿ ಪಾಠ ಮಾಡೋ ಕೆಲಸ ಸಿಕ್ಕಿತ್ತು. ಆಯ್ಕೆ ಆಗಿಲ್ಲ ಅಂತ ಓದ್ಬಿಟ್ಟೆ. ಅಮ್ಮ ಹೋಗಿ ತಿಂಗಳಾಗಿತ್ತು ಕಣೇ. ನೀನೂ ಹೋದ್ರೆ ನಂಗ್ಯಾರು? ಆ ಕಾಗದ ಹರಿಯೋಕೆ ಎಷ್ಟೋ ಸಲ ಕೂತೆ. ಕೈ ಬರ್ಲಿಲ್ಲ."

ಸಂಶೋಧಕನ ಮೇಲೆ ಹೊರಿಸಿದ ತಪ್ಪಿಗೆ ನಾನು ನಾಚಿಕೊಂಡೆ. ತಪ್ಪು ಮಾಡಿದವರು ಪತ್ತೆಯಾದರೂ ಸಂತೋಷವಾಗದಿದ್ದದ್ದು ಅದೇ ಮೊದಲು.

ರಿಪೇರಿಯಮ್ಮ ಹಳೆಯ ಯಂತ್ರವೊಂದರ ಗಾಜು ಬಿಚ್ಚಿ ಇದಕ್ಕೆ ಕೂರಿಸಿದರು. ನಾನು ಕಟ್ಟು ಬಿಚ್ಚಿದೆ. ಅಕ್ಕ ಅದರೊಳಗಿನ ಒಂದು ಹಾಳೆಯನ್ನು ತೋರಿಸಿದರು. ತಂಗಿ ಇಯರ್‌ಫೋನ್ ಕಿತ್ತಿಟ್ಟು, ವೇಗ ಪೂರ್ತಿ ಏರಿಸಿ, ಗುಂಡಿ ಒತ್ತಿದಳು. ಯಂತ್ರ ಗಡಗಡನೆ ಓದಿತು. ಕಣ್ಣು ಕಾಣುವ ನಮಗೆ ಏನೂ ಸಿಗಲಿಲ್ಲ, ಅಕ್ಕನಿಗೂ ಸಿಗಲಿಲ್ಲ. ತಂಗಿ ಎರಡು ಸಲ ಕೇಳಿದಳು.

"ಇರೋಕೆ ರೂಮೂ ಕೊಡ್ತೀವಿ ಅಂದಿದ್ರು" ಎಂದಳು. "ಕರ್ಕೊಂಡು ಬರೋಕೆ ಸ್ಟೇಷನ್ನಿಗೆ ಜನ ಕಳಿಸ್ತೀವಿ ಅಂತಾನೂ ಬರೆದಿದ್ದಾರೆ."

"ಇನ್ನೊಂದ್ಸಲ ಅರ್ಜಿ ಹಾಕ್ಬಹುದಲ್ವಾ?" ಎಂದೆ ನಾನು.

"ವಯಸ್ಸು ಮೀರಿದೆ ಸಾರ್."

ಕಾಗದವನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಕೊನೆಯ ಬಸ್ಸಿನ ಹೊತ್ತಾಗಿತ್ತು. ಅಕ್ಕ ಎಂದಿನಂತೆ ತಮ್ಮ ಮೊಣಕೈಯನ್ನು ಮುಂದೆ ಚಾಚಿ, ತಕ್ಷಣ ಹಿಂದೆಳೆದುಕೊಂಡರು. ತಂಗಿ ಗಾಳಿಯಲ್ಲಿ ಕೈಯಾಡಿಸಿ ಅದನ್ನು ಹುಡುಕಿ ಹಿಡಿದುಕೊಂಡಳು. ಮನೆಗೆ ಒಬ್ಬಳೇ ಹೋಗುವ ದಾರಿಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.