ಹಿಂದಿನ ಸಾಲಿನ ದನಿ

"ನಮ್ಮವ್ವನ ದನಿ ಎಲ್ಲಿ ಹೋತ್ರೀ?"

ರಾಣೆಬೆನ್ನೂರಿನ ಸ್ಟೇಶನ್ ರಸ್ತೆಯ ಸಣ್ಣ ಸೌಂಡ್ ಅಂಗಡಿಗೆ ಕಾಲಿಟ್ಟವಳೇ ಶೈಲಾ ಕೇಳಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಏನಿಲ್ಲ!

ಬಿಚ್ಚಿದ ಆಂಪ್ಲಿಫೈಯರಿನೊಳಗೆ ತಲೆ ಹಾಕಿ ಕುಳಿತಿದ್ದ ಕಲ್ಲೇಶ ಗಾಬರಿಯಿಂದ ತಲೆ ಎತ್ತಿದ.

"ಯಾರ ಅವ್ವನ ದನಿರಿ?"

"ಹೋದ ವಾರ ಬ್ಯಾಡಗಿಯಿಂದ ನಮ್ಮಪ್ಪ ಮಲ್ಲೇಶಪ್ಪ ಬಂದು ಒಂದು ಡಿವಿಡಿ ಕೊಟ್ಟಿದ್ದ. ಮೊಬೈಲ್‌ನ್ಯಾಗ ಕೇಳೂವಂಗ ಮಾಡಿಕೊಡ್ರಿ ಅಂದಿದ್ದ. ನೀವು ಮಾಡಿಕೊಟ್ರಿ... ಅರ್ಧಾ ಹಾಡು ತಿಂದು!"

ಶೈಲಾಳ ಕಣ್ಣಲ್ಲಿ ಬೆಂಕಿ ಇತ್ತು. ಆದರೆ ಆ ಬೆಂಕಿಯ ಹಿಂದೆ ನೀರೂ ಇತ್ತು. ಕಲ್ಲೇಶ ಎರಡನ್ನೂ ಕಂಡ. ಮೆಲ್ಲಗೆ ಒಂದು ಸ್ಟೂಲ್ ಸರಿಸಿದ.

"ಕುಂದ್ರಿ. ಮೊದಲ ಕೇಳೂಣು."

ಹನ್ನೊಂದು ವರ್ಷದ ಹಿಂದಿನ ಮಾತು. ತುಂಗಭದ್ರೆಯ ದಂಡೆಯ ಐರಣಿ ಶೈಲಾಳ ತಾಯಿಯ ತವರು. ಅಲ್ಲಿ ಒಂದು ಮದುವೆ. ಹೊರಗಿನಿಂದ ಯಾರೋ ಹಾಡು ಸಂಗ್ರಹಿಸುವವರು ಬಂದು, ಸುತ್ತ ಮೈಕ್ ನಿಲ್ಲಿಸಿ, ಹೆಣ್ಣುಮಕ್ಕಳ ಸೋಬಾನ ಪದ ಹಿಡಿದುಕೊಂಡು ಹೋದರು. ಮುಂದೆ ಹಾಡಿದ ಮನೆಮನೆಗೂ ಒಂದೊಂದು ಡಿವಿಡಿ ಕಳಿಸಿದರು. ಅದನ್ನು ಹಾಕಿ ಕೇಳುವಂಥ ಯಂತ್ರ ಮನೆಯಲ್ಲಿರಲಿಲ್ಲ, ಟ್ರಂಕಿಗೆ ಹೋಯಿತು. ಎರಡು ವರ್ಷಕ್ಕೆ ತಾಯಿ ಸಿದ್ದವ್ವನೇ ತೀರಿಹೋದಳು.

ಈಗ ಶೈಲಾಗೆ ಇಪ್ಪತ್ತೈದು. ಹಾವೇರಿಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಕೆಲಸ. ಅವ್ವನ ಮುಖ ಗೋಡೆಯ ಫೋಟೊದಲ್ಲಿದೆ. ದನಿ...?

'ದನಿ ಮರತು ಹೋಗಾಕತ್ತೈತಿ ನನಗ. ದಿನಾ ಒಂದೀಟು!'

ಈ ಭಯವನ್ನು ಶೈಲಾ ಯಾರ ಮುಂದೆಯೂ ಹೇಳಿರಲಿಲ್ಲ.

ಕಲ್ಲೇಶ ಹಾಡು ಹಚ್ಚಿದ. ಹೆಂಗಸರು ಒಂದು ಸಾಲು ಎತ್ತಿದರು. ಆಮೇಲೆ... ಏನೂ ಇಲ್ಲ. ದೂರದ ಬಾವಿಯೊಳಗಿನಿಂದ ಬಂದಂತೆ ಬರೀ ಒಂದು ಗುಂಯ್ ಸದ್ದು. ಮತ್ತೆ ಒಂದು ಸಾಲು. ಮತ್ತೆ ಬಾವಿ.

ಕಲ್ಲೇಶ ನಾಲಿಗೆ ಕಚ್ಚಿಕೊಂಡ.

"ತಪ್ಪು ನಂದ ರೀ."

ಶೈಲಾ ಬೆರಗಾದಳು. ಗಂಡಸೊಬ್ಬ ಇಷ್ಟು ಲಗೂ ತಪ್ಪು ಒಪ್ಪಿಕೊಂಡಿದ್ದನ್ನು ಕಚೇರಿಯಲ್ಲೂ ಕಂಡಿರಲಿಲ್ಲ, ಮನೆಯಲ್ಲೂ ಕಂಡಿರಲಿಲ್ಲ!

"ಹೆಂಗಸರು ಹೆಂಗ ಕುಂತಿದ್ರು? ನೆನಪೈತೇನು?"

"ಎರಡು ಸಾಲು. ಎದರಾ ಬದರಾ. ಒಂದು ಸಾಲಿನವರು ಎತ್ತತಾರ, ಇನ್ನೊಂದು ಸಾಲಿನವರು ತಿರುಗಿ ಹಾಡತಾರ. ಸೋಬಾನ ಅಂದ್ರ ಹಂಗ ಅಲ್ಲೇನ್ರಿ? ಅವ್ವ ಗೋಡಿ ಕಡೆ ಸಾಲಿನ್ಯಾಗ, ನಮ್ಮ ದೊಡ್ಡವ್ವ ಮುದುಕವ್ವನ ಬಾಜೂಕ ಕುಂತಿದ್ಲು."

ಕಲ್ಲೇಶ ಕಂಪ್ಯೂಟರನ್ನು ಶೈಲಾಳ ಕಡೆ ತಿರುಗಿಸಿದ. ಒಂದು ಸಾಫ್ಟ್‌ವೇರ್ ತೆರೆದು ಡಿವಿಡಿಯ ಹಾಡನ್ನು ಬಿಚ್ಚಿದ. ಪರದೆಯ ಮೇಲೆ ಒಂದರ ಕೆಳಗೊಂದು ಆರು ಪಟ್ಟಿ ಮೂಡಿದವು. ಪ್ರತಿಯೊಂದರಲ್ಲೂ ಇರುವೆ ಸಾಲಿನಂಥ ಗೆರೆ.

"ಇದು ಸುತ್ತೂ ಕೇಳೂ ಹಾಡ್ರಿ. ಮುಂದ ಎಡ, ಮುಂದ ಬಲ, ನಡುವ ಒಂದು, ಬುಡದ ಗುಡುಗು ಒಂದು, ಹಿಂದ ಎಡ, ಹಿಂದ ಬಲ. ಮೊಬೈಲಿಗೆ ಎರಡ ಸಾಕು. ಆರನ್ನೂ ಕೂಡಿಸಿ ಎರಡು ಮಾಡಬೇಕಿತ್ತು. ನಾ ಮದವಿ ಸೀಜನ್ನಿನ ಅವಸರದಾಗ ಮುಂದಿನ ಎರಡಷ್ಟ ಎತ್ತಿಕೊಟ್ಟೀನಿ."

"ಹಂಗಾದ್ರ ಅವ್ವ..."

"ಗೋಡಿ ಕಡೆ ಸಾಲು ಹಿಂದಿನ ಎರಡರಾಗ ಐತಿ. ಹಿಂದ ಅದಾರ. ಎಲ್ಲೂ ಹೋಗಿಲ್ಲ."

ಶೈಲಾ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು.

ಆದರೆ ಕೆಲಸ ಒಂದು ದಿನಕ್ಕೆ ಮುಗಿಯುವಂಥದ್ದಾಗಿರಲಿಲ್ಲ. ಟ್ರಂಕಿನಲ್ಲಿ ಡಿವಿಡಿ ಗೀರಿತ್ತು. ಹಿಂದಿನ ಎರಡು ಪಟ್ಟಿಯಲ್ಲಿ ದನಿಗಿಂತ ಕರಕರ ಸದ್ದೇ ಹೆಚ್ಚು. ಜೋಳ ಹಸನು ಮಾಡಿದಂತೆ ಕೂತು, ಕಲ್ಲು ಬೇರೆ ಕಾಳು ಬೇರೆ ಮಾಡಬೇಕು.

ನಾಲ್ಕು ಶನಿವಾರ ಹಿಡಿಯಿತು. ಕಚೇರಿ ಮುಗಿಸಿ ಶೈಲಾ ನಾಲ್ಕು ಶನಿವಾರವೂ ಬಂದಳು. ಬಂದವಳು ಸುಮ್ಮನೆ ಕೂಡುವವಳೇ?

"ಇದ್ಯಾಕ ಹಿಂಗ ಎದ್ದೈತಿ? ಆ ಬುಡದ ಪಟ್ಟಿ ಯಾಕ ಖಾಲಿ?"

"ಅದು ಗುಡುಗು, ಡೊಳ್ಳಿನ ಸಲುವಾಗಿರಿ. ಸೋಬಾನದಾಗ ಅದಕ್ಕೇನು ಕೆಲಸ? ಬೀಗರ ಮನಿಗೆ ಬಂದ ಅಳಿಯನಂಗ ಸುಮ್ನ ಕುಂತೈತಿ."

ಶೈಲಾ ಕಿಲಕಿಲ ನಕ್ಕಳು. ಕಲ್ಲೇಶನ ಕೈ ಇಲಿಯಂಥ ಆ ಮೌಸಿನ ಮೇಲೆ ಹಾಗೇ ನಿಂತಿತು.

ಕಲ್ಲೇಶ ಒಂದು ಪ್ರಶ್ನೆಗೂ ಬೇಸರಪಡಲಿಲ್ಲ. ಮೌಸನ್ನು ಶೈಲಾಳ ಕೈಗೇ ಕೊಟ್ಟು ಪಟ್ಟಿ ಬಿಡಿಸುವುದನ್ನು, ಕೂಡಿಸುವುದನ್ನು ಕಲಿಸಿದ. ಮೂರನೇ ಶನಿವಾರದ ಹೊತ್ತಿಗೆ ಶೈಲಾಗೆ ಒಂದು ಸಂಶಯ ಹುಟ್ಟಿತು...

'ನಾ ಬರೂದು ಅವ್ವನ ದನಿಗೇನು? ಇಲ್ಲಾ...?'

ನಾಲ್ಕನೇ ಶನಿವಾರ ಕಲ್ಲೇಶ ಹೆಡ್‌ಫೋನ್ ಕೈಗಿತ್ತ. ಮುಂದಿನ ಸಾಲು ಎತ್ತಿತು, ಹಿಂದಿನ ಸಾಲು ತಿರುಗಿ ಹಾಡಿತು. ಆ ಸಾಲಿನಲ್ಲಿ ತುಸು ಒಡೆದ, ತುಸು ದಪ್ಪನೆಯ ಒಂದು ದನಿ...

ಅವ್ವ!

ಶೈಲಾ ಅತ್ತಳು. ಕಲ್ಲೇಶ ಗೋಡೆ ಕಡೆ ತಿರುಗಿ, ಇಲ್ಲದ ವೈರ್ ಹುಡುಕತೊಡಗಿದ. ಆಮೇಲೆ ಹಾಡನ್ನೂ ಡಿವಿಡಿಯನ್ನೂ ಲಕೋಟೆಯಲ್ಲಿಟ್ಟು ಕೊಟ್ಟ. ಮುಖ ಮಾತ್ರ ನೋಡಲಿಲ್ಲ.

ಭಾನುವಾರ ಬ್ಯಾಡಗಿಯ ಮನೆಯಲ್ಲಿ ಶೈಲಾ ಕಚೇರಿಯಿಂದ ಕೇಳಿ ತಂದಿದ್ದ ಹಳೇ ಲ್ಯಾಪ್‌ಟಾಪಿಗೆ ಆ ಡಿವಿಡಿ ಹಾಕಿದಳು. ಕಲಿತದ್ದನ್ನು ಮಾಡಿ ನೋಡುವ ಆಸೆ, ಅಷ್ಟೇ. ಡಿವಿಡಿಯ ಹಾಡು ಹತ್ತೊಂಬತ್ತು ನಿಮಿಷ ಎರಡು ಸೆಕೆಂಡ್. ಕಲ್ಲೇಶ ಕೊಟ್ಟಿದ್ದು ಹದಿನೆಂಟು ನಿಮಿಷ ಇಪ್ಪತ್ತೆರಡು ಸೆಕೆಂಡ್.

ಫೋನ್ ಹಚ್ಚಿದಳು.

"ನಲವತ್ತು ಸೆಕೆಂಡ್ ಎಲ್ಲಿ?"

ಆ ಕಡೆ ಕಲ್ಲೇಶ ಏನೋ ಕೈಜಾರಿ ಬೀಳಿಸಿದ ಸದ್ದು.

"ನಿಮ್ಮನ್ನ ಕೇಳಾಕತ್ತೀನಿ!"

"ಅದರಾಗ... ಹಾಡಿಲ್ರಿ. ಹೆಂಗಸರು ಮಾತಾಡ್ಯಾರ, ಅಷ್ಟ."

"ನಮ್ಮವ್ವ ಮಾತಾಡ್ಯಾಳೇನು?"

"...ಹೂಂ."

"ಮತ್ತ ಯಾಕ ಕತ್ತರಿಸಿದ್ರಿ?"

"ಕೇಳಬ್ಯಾಡ್ರಿ ಶೈಲಾ ಅವರ..."

ಶೈಲಾ ಫೋನ್ ಕಟ್ ಮಾಡಿದಳು. ಸಿಟ್ಟಿಗಿಂತ ಹೆಚ್ಚು ನೋವು. 'ನಂಬಿದ್ದೆ ಇವನ್ನ... ನಮ್ಮವ್ವನ ಮಾತು ಕತ್ತರಿಸಾಕ ಇಂವ ಯಾರು?'

ತಾನೇ ಕುಳಿತಳು. ಹಾಡು ಬಿಚ್ಚಿದಳು. ಆರು ಪಟ್ಟಿ ಬಂದವು. ಐದನ್ನು ಬಾಯಿ ಮುಚ್ಚಿಸಿ, ಹಿಂದಿನ ಎಡದ್ದೊಂದನ್ನೇ ಬಿಟ್ಟಳು. ಎರಡು ಹಾಡಿನ ನಡುವೆ, ಕರಕರ ಸದ್ದಿನ ಒಳಗಿನಿಂದ ಮುದುಕವ್ವನ ಮಾತು ಕೇಳಿತು:

"ಸಿದ್ದವ್ವಾ, ನಿನ್ನ ಮಗಳನ್ನ ನೋಡ! ಆ ಮೈಕಿನವರ ಜೀವಾ ತಿನ್ನಾಕತ್ತಾಳ. ಇದ್ಯಾಕ, ಅದ್ಯಾಕ ಅಂತ."

ಆಮೇಲೆ ಆ ಒಡೆದ ದನಿ. "ತಿನ್ನಲಿ ಬಿಡ. ದೊಡ್ಡಾಕಿ ಆದಮ್ಯಾಲೆ ಇಂಥಾ ಒಬ್ಬ ಮೈಕಿನಾವಗ ಕೊಟ್ಟಬಿಡೂಣು. ದಿನಾ ಒಂದೊಂದು ವೈರ್ ಬಿಚ್ಚಿ ತೋರಸ್ಕೋತ ಕುಂದರ್ಲಿ!"

ಹಿಂದಿನ ಸಾಲು ಪೂರಾ ಗೊಳ್ಳೆಂದಿತು. ಆ ನಗುವಿನಲ್ಲಿ ಸಿದ್ದವ್ವನ ನಗು ಬೇರೆಯೇ ಕೇಳುತ್ತಿತ್ತು. ಉಸಿರು ಸಿಕ್ಕಿಹಾಕಿಕೊಂಡು, ಬಿಕ್ಕಳಿಕೆಯಂತೆ ಮುಗಿಯುವ ನಗು!

"ಖರೇ ಹೇಳ್ತೀನಿ ಅಕ್ಕಾ... ಸುಮ್ನಿರ ಅಂತ ಗದ್ದರಿಸೂ ಗಂಡ ಮಾತ್ರ ಬ್ಯಾಡ ಆಕಿಗೆ."

ಶೈಲಾ ಆ ನಗುವನ್ನು ಎಷ್ಟು ಸಲ ಕೇಳಿದಳೋ! ದನಿಯಾದರೂ ಮಸುಕಾಗಿ ನೆನಪಿತ್ತು. ಈ ನಗು ಪೂರ್ತಿ ಮರೆತೇಹೋಗಿತ್ತು.

ಆಮೇಲೆ ಮೆಲ್ಲಗೆ ಇನ್ನೊಂದು ಹೊಳೆಯಿತು. ಮೈಕಿನಾವ... ಆ ಮಾತು ಕೇಳಿಸಿಕೊಂಡ ಕಲ್ಲೇಶನೂ ಮೈಕಿನವನೇ ಅಲ್ಲವೇ?

ಮರುದಿನ ಬೆಳಿಗ್ಗೆ ಶೈಲಾ ಹಾವೇರಿ ಬಸ್ ಹತ್ತಲಿಲ್ಲ. ರಾಣೆಬೆನ್ನೂರಿನಲ್ಲಿ ಕಲ್ಲೇಶ ಆಗತಾನೇ ಅಂಗಡಿಯ ಶಟರ್ ಎತ್ತುತ್ತಿದ್ದ. ಶೈಲಾಳನ್ನು ಕಂಡು ಅರ್ಧಕ್ಕೇ ಬಿಟ್ಟ.

"ಕೇಳಿದೆ," ಅಂದಳು ಶೈಲಾ.

ಕಲ್ಲೇಶ ತಲೆ ತಗ್ಗಿಸಿದ. "ನಾನೂ ಮೈಕಿನಾವ ರೀ. ಆ ಮಾತು ನಿಮ್ಮ ಕೈಗೆ ಕೊಟ್ಟರ, ಸತ್ತವರ ಬಾಯಿಂದ ನಾನ ಹೆಣ್ಣು ಕೇಳಿದಂಗ ಆಗ್ತಿತ್ತು. ನಿಮ್ಮವ್ವನ ಹೆಸರಿಗೆ ನೀವು ಹೂಂ ಅಂದಬಿಟ್ರ? ಅದು ಮೋಸ ಅನಿಸ್ತು..."

"ಅದರಾಗ ನಮ್ಮವ್ವ ನಕ್ಕಾಳ. ಹಾಡು ಎಲ್ಲಾರೂ ಹಾಡ್ತಾರ ಕಲ್ಲೇಶ ಅವರ. ಆ ನಗು ನನಗ ಇನ್ನೆಲ್ಲಿ ಸಿಗತೈತಿ? ನಿಮ್ಮ ಮನಸು ಮುಚ್ಚಿಡಾಕ ನಮ್ಮವ್ವನ ನಗು ಮುಚ್ಚಿದ್ರಿ!"

ಇದು ಕಲ್ಲೇಶನಿಗೆ ಹೊಳೆದೇ ಇರಲಿಲ್ಲ.

"ಇದು ಮೊದಲಿನದಕಿಂತ ದೊಡ್ಡ ತಪ್ಪು," ಅಂದ. "ಬೈರಿ. ನಿಂತು ಕೇಳ್ತೀನಿ."

ಶೈಲಾ ಬೈಯಲಿಲ್ಲ. ಒಂದು ಹೆಜ್ಜೆ ಹತ್ತಿರ ಬಂದಳು.

"ನಮ್ಮವ್ವ ನಗಸಾಕ ಚಾಷ್ಟಿ ಮಾಡ್ಯಾಳ. ಅದು ಚಾಷ್ಟಿ ಅಂತ ನನಗ ಗೊತ್ತೈತಿ, ಅದಕ್ಕ ಹೂಂ ಅನ್ನಾಕ ನಾ ಏನು ಹುಚ್ಚಿ ಅಲ್ಲ. ನಿಮ್ಮ ಬಾಯಿಂದ ಏನರ ಬರೂದಿತ್ತೇನು?"

"...ಇತ್ತು."

"ಏನು?"

"ಶನಿವಾರ ಬಂದ್ರ ಅಂಗಡಿ ತುಂಬತೈತಿ. ನೀವು ಹೋದಮ್ಯಾಲೆ ಆರು ಸ್ಪೀಕರ್ ಹಚ್ಚಿದ್ರೂ ಖಾಲಿ ಅನಸತೈತಿ. ನಿಮ್ಮನ್ನ ಮದವಿ ಆಗಬೇಕಂತ ಆಸೆ ಐತಿ ಶೈಲಾ... ಬ್ಯಾಡ ಅಂದ್ರೂ ಆ ನಲವತ್ತು ಸೆಕೆಂಡ್ ಹಸನ ಮಾಡಿಕೊಡೂದು ಬಿಡೂದಿಲ್ಲ."

ರಸ್ತೆಯಲ್ಲಿ ಬಸ್ಸೊಂದು ಒದರುತ್ತ ಹೋಯಿತು. ಅದು ಹೋಗುವ ತನಕ ಶೈಲಾ ಕಾದಳು.

"ನನಗೂ ಐತಿ," ಅಂದಳು. "ಅಪ್ಪನ್ನ ಕೇಳಬೇಕಾಗತೈತಿ."

"ನಾಳೆ ಬರ್ತೀನಿ! ಇಲ್ಲಾ, ಇವತ್ತ ಬರ್ಲಿ?"

"ಇವತ್ತ ಸೋಮವಾರ, ಬ್ಯಾಡಗಿ ಮಾರ್ಕೆಟ್ ದಿನ! ಅಪ್ಪ ಮೆಣಸಿನಕಾಯಿ ರಾಶಿ ನಡುವ ಇರ್ತಾನ. ಘಾಟಿಗೆ ನೀವು ಸೀನಿ ಸೀನಿ, ಹೆಣ್ಣು ಕೇಳಾಕ ಬಾಯಿ ಬರೂದಿಲ್ಲ."

"ಸೀನಕೋತರ ಕೇಳ್ತೀನಿ."

ಶೈಲಾ ನಕ್ಕಳು. ಉಸಿರು ಸಿಕ್ಕಿಹಾಕಿಕೊಂಡು, ಕೊನೆಗೆ ಬಿಕ್ಕಳಿಕೆಯೇ ಬಂತು. ಕಲ್ಲೇಶ ಓಡಿ ನೀರು ತಂದ.

"ಹಂಗಾದ್ರ ಬಾ," ಅಂದಳು, ಒಂದು ಗುಟುಕು ಕುಡಿದು. "ಕೈವಸ್ತ್ರ ಮಾತ್ರ ಮರೀಬ್ಯಾಡ."