ಮನೆಮಂದಿ ಲೆಕ್ಕಕ್ಕಿಲ್ಲ

ವಿವೇಕಾನಂದ ಅವರು ಬೇಡ ಅಂದುಬಿಟ್ಟರು. ನಾನೇನೂ ಮದುವೆಯ ಮಾತು ಎತ್ತಿರಲಿಲ್ಲ, ಇಬ್ಬರೂ ಸೇರಿ ಒಂದು ಸಂಶೋಧನಾ ಪೇಪರ್ ಬರೆಯೋಣವೇ ಎಂದು ಕೇಳಿದ್ದೆ ಅಷ್ಟೇ. ಆದರೆ ನಮ್ಮಂಥವರಲ್ಲಿ ಅದೂ ಹೆಚ್ಚುಕಡಿಮೆ ಮದುವೆಯ ಮಾತೇ. ನಮ್ಮೂರ ಕೋಟೆಯ ಎದುರಿನ ಚಹಾದಂಗಡಿಯಲ್ಲಿ ಅವರು ಕಪ್ಪಿನೊಳಗೆ ನೋಡುತ್ತ, "ಈಗ ಬ್ಯಾಡ್ರಿ ಮೇಡಂ" ಎಂದರು. ಕಿವಿ ಮಾತ್ರ ಕೆಂಪಾಗಿದ್ದವು. ಬೇಡ ಎನ್ನುವವರ ಕಿವಿ ಯಾಕೆ ಕೆಂಪಾಗಬೇಕು?

ನಾನು ವಿದ್ಯಾವತಿ, ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಸಾಫ್ಟ್‌ವೇರ್‌ನಲ್ಲಿ ಬಗ್ ಎಲ್ಲಿ ಬರಬಹುದೆಂದು ಮೊದಲೇ ಊಹಿಸುವುದು ನನ್ನ ಸಂಶೋಧನೆ. ಮನುಷ್ಯರ ವಿಷಯದಲ್ಲಿ ನನ್ನ ಊಹೆ ಒಂದೂ ನಿಜವಾಗಿಲ್ಲ. ನನ್ನ ಪೇಪರ್ ಓದುವವರೂ ಕಡಿಮೆ. ಇನ್ನೊಂದು ಕಾಲೇಜಿನ ಈ ವಿವೇಕಾನಂದ ಒಬ್ಬರೇ ಸಾಲು ಬಿಡದೆ ಓದಿ, ತಾವು ಬರೆಯುವ ಪ್ರತಿ ಪೇಪರ್‌ನಲ್ಲೂ ನನ್ನ ಹೆಸರು ತರುತ್ತಾರೆ. ಇದಕ್ಕೆ ಸೈಟೇಶನ್ ಎನ್ನುತ್ತೇವೆ. ಅದು ಹೆಚ್ಚಿದಷ್ಟೂ ನಮ್ಮ ಕಿಮ್ಮತ್ತು ಹೆಚ್ಚು. ಇವತ್ತು ನಾಳೆ ಎಂದು ಮುಂದೆ ಹೋಗುತ್ತಲೇ ಇರುವ ನನ್ನ ಪ್ರಮೋಷನ್ ನಿಂತಿರುವುದೂ ಅದರ ಮೇಲೆಯೇ.

ಹೆಸರು ತರುವುದೇನೋ ಸರಿ, ಹೊಗಳುವುದಕ್ಕಲ್ಲ. ವಿದ್ಯಾವತಿಯವರ ವಿಧಾನ ಇಲ್ಲಿ ಸೋಲುತ್ತದೆ ಎಂದು ಬರೆಯುತ್ತಾರೆ. ಬರೆದ ವಾರವೇ ತಮ್ಮೂರು ಕಮಲಾಪುರದ ಕೆಂಪು ಬಾಳೆಹಣ್ಣು ಬುಟ್ಟಿ ತುಂಬ ತಂದು ಗಾಜಿಪುರ ಓಣಿಯ ನಮ್ಮ ಮನೆಗೆ ಕೊಟ್ಟು ಹೋಗುತ್ತಾರೆ. ನನಗೆ ಅವರೆಂದರೆ ಇಷ್ಟ, ಅದರಲ್ಲಿ ಮುಚ್ಚಿಡುವುದೇನು. ಆದರೆ ಬಾಳೆಹಣ್ಣು ನಂಬಬೇಕೋ ಪೇಪರ್ ನಂಬಬೇಕೋ ತಿಳಿಯದೆ ಹೈರಾಣಾಗಿದ್ದೆ.

ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಬುಟ್ಟಿ ವಾಪಸು ಕೊಡುವ ನೆಪ. ಅವರ ತಾಯಿ ಸೂಗಮ್ಮ ಬಾಗಿಲಲ್ಲೇ ನಿಲ್ಲಿಸಿ, ಮಗ ದಿನಾ ಹೆಸರು ಹಿಡಿದು ಬಯ್ಯುವ ಹುಡುಗಿ ನೀನೇ ಏನವ್ವ ಎಂದು ಕೇಳಿದರು. ಬಯ್ಯುವಾಗ ನಗುತ್ತಿರುತ್ತಾನೆ ಎಂದೂ ಸೇರಿಸಿದರು. ನನ್ನ ತಲೆ ಇನ್ನಷ್ಟು ಕೆಟ್ಟಿತು.

ತೋಟದಲ್ಲಿ ಅವರು ಬಾಳೆಗೊನೆಗೆ ಆಸರೆಯ ಕೋಲು ಕಟ್ಟುತ್ತಿದ್ದರು. ನನ್ನನ್ನು ಕಂಡದ್ದೇ ಹಗ್ಗ ಕೈಬಿಟ್ಟರು. ಸುತ್ತಿ ಬಳಸಿ ಮಾತಾಡುವ ತಾಳ್ಮೆ ನನಗಿಲ್ಲ. ನನ್ನ ಹೆಸರಿನ ಪಕ್ಕ ನಿಮ್ಮ ಹೆಸರು ಹಾಕಲು ಅಷ್ಟು ನಾಚಿಕೆಯೇ ಎಂದು ಕೇಳಿಬಿಟ್ಟೆ.

"ನಾಚಿಕಿ ಅಲ್ರೀ. ನಿಮ್ಮ ಪ್ರಮೋಷನ್ ಕಮಿಟಿಯವರು ಹೊರಗಿನವರ ಸೈಟೇಶನ್ ಅಷ್ಟೇ ಲೆಕ್ಕಕ್ಕ ಹಿಡಿತಾರ. ಜೋಡಿ ಪೇಪರ್ ಬರದ್ರ ನಾ ಮನಿ ಮಂದಿ ಆಗ್ತೀನಿ. ನಾ ಮಾಡಿದ ಸೈಟೇಶನ್ ಎಲ್ಲಾ ತೆಗದು ಹಾಕ್ತಾರ. ಮತ್ತ ನಿಮ್ಮ ಪ್ರಮೋಷನ್ ಗತಿ ಏನು?"

ನನಗೆ ಸಿಟ್ಟು ಬಂತು. ಹಾಗಾದರೆ ಇಷ್ಟು ದಿನ ದಯೆಗೆ ನನ್ನ ಹೆಸರು ಹಾಕಿದಿರಾ ಎಂದೆ.

"ದಯಾ ಇದ್ರ ಹೊಗಳ್ತಿದ್ದೆ. ಒಂದು ಪೇಪರ್‌ನಾಗರ ಹೊಗಳೀನೇನು? ನಿಮ್ಮ ಕೆಲಸ ಪಸಂದ್ ಅದ, ಅದಕ್ಕ ಜಗಳಾ ತೆಗಿತೀನಿ."

ಹೀಗೂ ಯಾರಾದರೂ ಪ್ರೀತಿ ಹೇಳುತ್ತಾರೆಯೇ? ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅವರು ಬಗ್ಗಿ ಹಗ್ಗ ಎತ್ತಿಕೊಂಡು, ಬಾಳೆಗಿಡಕ್ಕೆ ಹೇಳುವವರ ಹಾಗೆ ಮೆಲ್ಲಗೆ ಹೇಳಿದರು.

"ಇನ್ನೊಂದು ಮಾತು ತಡದು ಇಟ್ಟೀನಿ. ಅದನ್ನ ಕೇಳಿದ್ರೂ ಮನಿ ಮಂದಿನೇ ಆಗ್ತೀನಿ. ನಿಮ್ಮ ಕಮಿಟಿ ಕೂಡ್ಲಿ, ಆಮ್ಯಾಲ ಕೇಳ್ತೀನಿ."

ಆ ಪ್ರಮೋಷನ್‌ಗಾಗಿ ನಾನು ಎಷ್ಟು ಹಬ್ಬ ಬಿಟ್ಟಿದ್ದೇನೆ, ಎಷ್ಟು ಜನರ ಮುಂದೆ ನಿಂತಿದ್ದೇನೆ ಎಂದು ನನಗೇ ಗೊತ್ತು. ಅದನ್ನು ಬಿಡಲು ಮನಸ್ಸಿಲ್ಲ. ಇವರನ್ನು ಕಮಿಟಿಯ ಲೆಕ್ಕದಲ್ಲಿ ಹೊರಗಿನವರೆಂದು ಬರೆಸಲೂ ಮನಸ್ಸಿಲ್ಲ.

"ಕಮಿಟಿ ಕೂಡೋತನಕ ಕಾಯ್ದ್ರ ಇಬ್ಬರ ಹಲ್ಲೂ ಉದುರ್ತಾವ," ಎಂದೆ. "ಈಗ ಕೇಳ್ರಿ."

ಸೈಟೇಶನ್ ಅಷ್ಟೂ ಹೋಗುತ್ತವೆ ಎಂದು ನೆನಪಿಸಿದರು, ಪುಣ್ಯಾತ್ಮ.

"ಹೋಗ್ಲಿ. ಹೊಸಾವು ಗಳಸ್ತೀನಿ. ತಪ್ಪು ಹುಡುಕವ್ರು ಹ್ಯಾಂಗೂ ಮನ್ಯಾಗ ಇರ್ತಾರಲ್ಲ."

ಅವರು ಕೋಲಿಗೆ ಹಗ್ಗ ಸುತ್ತಿ ಗಂಟು ಹಾಕಿದರು. ಕಟ್ಟಿದ್ದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟಿದರು. ಕಿವಿ ಕೆಂಪಾದವು. ಈ ಸಲ ಯಾಕೆಂದು ನನಗೆ ಗೊತ್ತಿತ್ತು.